ಉಪವಾಸ ಮಾಡದವನ ರಂಜಾನ್

ನಮ್ಮ ಮನೆಯಲ್ಲಿ ಉಪವಾಸದ ದಿನ ಒಲೆಗೆ ಬಿಡುವೇ ಇರುವುದಿಲ್ಲ. ಉಳಿದ ದಿನ ರೊಟ್ಟಿ, ಪಲ್ಯ, ಸಾರು ಎಂದು ಮೂರರಲ್ಲಿ ಮುಗಿಯುವ ಅಡಿಗೆ, ಶಿವರಾತ್ರಿಯೋ ಶ್ರಾವಣ ಸೋಮವಾರವೋ ಬಂತೆಂದರೆ ಸಾಬೂದಾಣಿ ಖಿಚಡಿ, ವರಿ ಅಕ್ಕಿಯ ಅನ್ನ, ಬಟಾಟಿ ಪಲ್ಯ, ಶೇಂಗಾ ಉಂಡಿ, ರಾಜಗಿರಿ ಲಾಡು, ಬಾಳೆಹಣ್ಣು, ಮೇಲೆ ಒಂದು ಲೋಟ ಕೇಸರಿ ಹಾಲು ಎಂದು ಬೆಳೆಯುತ್ತ ಹೋಗುತ್ತದೆ. ಇಂಥ ಕಠಿಣ ವ್ರತವನ್ನು ನಾನು ಮದುವೆಯಾದಂದಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ವ್ರತ ಮುಗಿದ ಮರುದಿನ ಒಂದು ಹೊತ್ತು ಲಂಘನ ಮಾಡಬೇಕಾಗುತ್ತದೆ, ಅದು ಬೇರೆ ಮಾತು.

ಹೆಂಡತಿ ಮೂಡಲಗಿಯವಳು. ನಮ್ಮ ಮದುವೆಯಾದಾಗ ಮೂಡಲಗಿ ಗೋಕಾಕ ತಾಲೂಕಿನ ಒಳಗಿನ ಊರು. ಏನೇ ಕೆಲಸವಿದ್ದರೂ ಅವರು ನಮ್ಮೂರಿಗೇ ಬರಬೇಕು. ಈಚೆಗೆ ಅದು ಬೇರೆ ತಾಲೂಕಾಯಿತು, ತಹಶೀಲ್ದಾರ ಕಚೇರಿ ಬಂತು, ಬೋರ್ಡು ಬಂತು. ಅಂದಿನಿಂದ ನಮ್ಮ ಮನೆಯಲ್ಲೂ ಆಡಳಿತ ಬೇರೆಯಾಗಿದೆ. ಆದರೂ ಆಕೆ ಶಿವಬೋಧರಂಗನ ಮಠದ ಊರಿನವಳು ಎನ್ನುವುದನ್ನು ಶಿವರಾತ್ರಿಯ ದಿನ ಒಪ್ಪಲೇಬೇಕು. ತಾನು ಹನಿ ನೀರು ಮುಟ್ಟುವುದಿಲ್ಲ. ನನ್ನ ತಾಟಿಗೆ ಮಾತ್ರ ಮೂರನೆಯ ಸಲ ಖಿಚಡಿ ಹಾಕುತ್ತ, "ನೀವು ಉಪಾಸ ಅಂದ್ರ ನನಗ ಎರಡು ದಿನದ ಅಡಿಗಿ ಒಂದ ದಿನಕ್ಕ" ಎನ್ನುತ್ತಾಳೆ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಇಂಥ ಉಪವಾಸಿಗನನ್ನು 2025ರಲ್ಲಿ ಶಿವರಾತ್ರಿ ಮುಗಿಯುವುದೇ ತಡ ಮಗಳು ಮಸ್ಕತ್ತಿಗೆ ಕರೆಸಿಕೊಂಡಳು. ಅಳಿಯನಿಗೆ ಅಲ್ಲಿ ಕೆಲಸ, ರೂವಿಯಲ್ಲಿ ಮನೆ. ಟಿಕೀಟು ತೆಗೆಸಿದ ಮೇಲೆ ಆಕೆಗೆ ನೆನಪಾಯಿತು. "ಅಪ್ಪಾಜಿ, ನೀವು ಬರೂದಕ್ಕೂ ರಂಜಾನ್ ಸುರು ಆಗೂದಕ್ಕೂ ಒಂದ ಆಗತೈತಿ ನೋಡ್ರಿ. ನಡೀತೈತೇನು?"

"ರಂಜಾನ್ ನನಗೇನು ಹೊಸದೇ? ಗೋಕಾಕದಾಗ ಹುಟ್ಟಿ ಬೆಳೆದಾಂವ ನಾನು" ಎಂದೆ ಗತ್ತಿನಿಂದ.

ಫೋನು ಇಟ್ಟ ಮೇಲೆ ಲೆಕ್ಕ ಹಾಕಿದೆ. ನನಗೆ ಗೊತ್ತಿದ್ದ ರಂಜಾನ್ ಎಂದರೆ ನಮ್ಮ ಓಣಿಯ ಟೇಲರ್ ಚಾಚಾನ ಹೊಲಿಗೆ ಯಂತ್ರ ಹಬ್ಬದ ಹಿಂದಿನ ರಾತ್ರಿಯೆಲ್ಲ ಓಡುವ ಸದ್ದು, ಮತ್ತು ಹಬ್ಬದ ದಿನ ಅವನ ಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ಬರುವ ಸುರಕುಂಬಾ. ಹಾಲು, ಶಾವಿಗೆ, ಉತ್ತತ್ತಿ, ಗೋಡಂಬಿ, ಮೇಲೆ ತುಪ್ಪ. ಆ ಡಬ್ಬಿಯ ಮುಚ್ಚಳ ತೆಗೆಯುವ ಮುಂಚಿನ ಮೂವತ್ತು ದಿನ ಅವರ ಮನೆಯಲ್ಲಿ ಏನು ನಡೆಯುತ್ತದೆ, ಎಷ್ಟು ಗಂಟೆಗೆ ಏಳುತ್ತಾರೆ, ಏನು ಉಣ್ಣುತ್ತಾರೆ, ಒಂದೂ ನನಗೆ ಗೊತ್ತಿರಲಿಲ್ಲ. ನಡುವೆ ಇರುವುದು ಒಂದೇ ಗೋಡೆ.

ಸಾಮಾನು ಕಟ್ಟುವಾಗ ಇನ್ನೊಂದು ತಾಪತ್ರಯ. ಗೋಕಾಕದಿಂದ ಹೊರಟವನು ಕರದಂಟು ಒಯ್ಯದಿದ್ದರೆ ಊರಿನ ಮರ್ಯಾದೆ ಏನಾದೀತು? ಅಳಿಯ ಫೋನಿನಲ್ಲಿ ಅಡ್ಡಗಾಲು ಹಾಕಿದ: "ಮಾವಾರ, ಗಸಗಸಿ ಇದ್ದದ್ದು ತರಬ್ಯಾಡ್ರಿ. ದುಬೈ, ಸೌದಿಯೊಳಗ ಗಸಗಸಿ ತಂದು ಜೇಲು ಕಂಡಾರ. ಇಲ್ಲೂ ನಮಗ ರಿಸ್ಕ್ ಬ್ಯಾಡ." ಅಫೀಮಿನ ಗಿಡದ ಬೀಜವೆಂದು ಕೊಲ್ಲಿಯ ಕಡೆ ಗಸಗಸೆಗೆ ಮಾದಕ ವಸ್ತುವಿನ ಪಟ್ಟ. ನಮ್ಮ ಬಾಣಂತಿಯರು ತಲೆಮಾರುಗಳಿಂದ ತಿಂದುಕೊಂಡು ಬಂದ ಅಂಟಿನ ಉಂಡಿಯೊಳಗೆ ಇಷ್ಟು ದೊಡ್ಡ ಅಪರಾಧ ಅಡಗಿತ್ತೆಂದು ಯಾರಿಗೆ ಗೊತ್ತಿತ್ತು? ಕಡೆಗೆ ಹೆಂಡತಿ ಮನೆಯಲ್ಲೇ ಅಂಟು ಹುರಿದು, ಒಣಕೊಬ್ಬರಿ, ಉತ್ತತ್ತಿ, ಬದಾಮಿ, ಬೆಲ್ಲ ಹಾಕಿ, ಗಸಗಸೆ ಬಿಟ್ಟು ಒಂದು ಡಬ್ಬಿ ಕಟ್ಟಿದಳು. ಇಬ್ಬರೂ ಬೆಳಗಾವಿಗೆ ಬಂದು, ಚೋರ್ಲಾ ಘಾಟಿ ಇಳಿದು ಗೋವಾ ಮುಟ್ಟಿ, ಅಲ್ಲಿಂದ ವಿಮಾನದಲ್ಲಿ ಮೂರು ತಾಸಿನೊಳಗೆ ಮಸ್ಕತ್ತು. ಹುಬ್ಬಳ್ಳಿ ಬಸ್ಸಿನಲ್ಲಿ ಕೂತು ಹುಬ್ಬಳ್ಳಿ ಸೇರಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು.

ಫೆಬ್ರವರಿ 28ರ ಸಂಜೆ ಚಂದ್ರ ಕಂಡ. ಮಾರ್ಚ್ 1, ಶನಿವಾರದಿಂದ ಅಲ್ಲಿ ರೋಜಾ ಸುರುವಾಯಿತು. ಭಾರತದಲ್ಲಿ ಮರುದಿನ, ಭಾನುವಾರ. ಅಂದರೆ ಮಸ್ಕತ್ತು ಚಾಚಾನಿಗಿಂತ ಒಂದು ದಿನ ಮುಂದೆ. ಗಡಿಯಾರದಲ್ಲಿ ನೋಡಿದರೆ ಮಸ್ಕತ್ತು ನಮಗಿಂತ ಒಂದೂವರೆ ತಾಸು ಹಿಂದೆ. ಈ ಹಿಂದೆಮುಂದೆ ಇಡೀ ತಿಂಗಳು ನನ್ನ ತಲೆ ತಿಂದಿತು.

ಮೊದಲ ದಿನವೇ ಅಳಿಯ ಸೋಫಾದ ಮೇಲೆ ಕೂರಿಸಿ ಕಾನೂನು ಓದಿಸಿದ. ಒಮಾನಿನಲ್ಲಿ ರಂಜಾನಿನ ಹಗಲು ಹೊರಗೆ, ನಾಲ್ಕು ಜನರ ಕಣ್ಣೆದುರು ತಿನ್ನುವಂತಿಲ್ಲ, ನೀರು ಕುಡಿಯುವಂತಿಲ್ಲ, ಬೀಡಿ ಸಿಗರೇಟು ಸೇದುವಂತಿಲ್ಲ. ಯಾವ ಧರ್ಮದವರೂ ಇದಕ್ಕೆ ಹೊರತಲ್ಲ. ತಪ್ಪಿದರೆ 10 ದಿನದಿಂದ 3 ತಿಂಗಳ ತನಕ ಒಳಗೆ. ಕಾರಿನಲ್ಲಿ ಗಾಜು ಏರಿಸಿ ಕೂತರೂ ಅದು ಹೊರಗೇ. ಹೆಚ್ಚಿನ ಹೋಟೆಲುಗಳಲ್ಲಿ ಹಗಲು ಕೂತು ಉಣ್ಣುವ ವ್ಯವಸ್ಥೆ ಇಲ್ಲ, ಕಟ್ಟಿಸಿಕೊಂಡು ಮನೆಗೆ ಒಯ್ಯಬಹುದು. ಮನೆಯೊಳಗೆ ನಿಮ್ಮ ಬಾಯಿ ನಿಮ್ಮದು.

"ಇಷ್ಟ ಅಲ್ಲೇನು?" ಎಂದು ನಾನು ಒಂದು ಕಪ್ಪು ಚಹಾ ಕುಡಿದು ವಾಕಿಂಗ್ ಹೊರಟೆ.

ಊರಿನಲ್ಲಿ ನನಗೆ ನಾಲ್ಕು ತಾಸು ನೀರು ಬೇಡ. ಘಟಪ್ರಭೆಯ ದಂಡೆಯಲ್ಲಿ ಬೆಳೆದವನಿಗೆ ನೀರಿನ ನೆನಪೇ ಬರುವುದಿಲ್ಲ. ಆದರೆ 'ಕುಡಿಯಬಾರದು' ಎಂದು ಒಮ್ಮೆ ಕೇಳಿದ್ದೇ ತಡ, ಕಟ್ಟಡದ ಮೆಟ್ಟಿಲು ಇಳಿಯುವಷ್ಟರಲ್ಲಿ ಗಂಟಲು ಒಣಗಿತು. ಮುತ್ತರಾದ ಸಮುದ್ರದಂಡೆಯ ರಸ್ತೆ ಸೇರುವ ಹೊತ್ತಿಗೆ ಕಣ್ಣಿಗೆ ಬಿದ್ದದ್ದೆಲ್ಲ ನೀರೇ: ಎದುರಿಗೆ ಒಮಾನ್ ಕೊಲ್ಲಿಯ ಸಮುದ್ರ, ಪಕ್ಕದಲ್ಲಿ ಕಾರಂಜಿ, ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದ ಬಾಟಲಿಗಳು. ಮೇಲೆ ನನಗೆ ರಕ್ತದೊತ್ತಡದ ಗುಳಿಗೆ ಇದೆ. ಮುಂಜಾನೆ ನುಂಗಬೇಕಾದದ್ದು ಕಿಸೆಯಲ್ಲೇ ಉಳಿದಿತ್ತು. ಗುಳಿಗೆ ಒಣಗಂಟಲಿನಲ್ಲಿ ಇಳಿಯದು, ನೀರು ಕುಡಿದರೆ ಪೊಲೀಸರು. ಮಾರ್ಕೆಟ್ಟಿನ ಗಲ್ಲಿಯೊಳಗೆ ಹೊಕ್ಕು, ಯಾರೂ ಇಲ್ಲದ ಮೂಲೆ ಸಿಕ್ಕೀತೇ ಎಂದು ಹುಡುಕತೊಡಗಿದೆ. ಮುತ್ತರಾದ ಸೂಕ್ ಎಂದರೆ ನಮ್ಮ ಗೋಕಾಕದ ಸಂತೆಯ ದಿನವನ್ನು ಚಾವಣಿ ಹಾಕಿ ಮುಚ್ಚಿದ ಹಾಗೆ. ಅಲ್ಲಿ ಒಂಟಿ ಮೂಲೆ ಹುಡುಕುವವನೇ ಎಲ್ಲರ ಕಣ್ಣಿಗೂ ಬೀಳುತ್ತಾನೆ.

ಬಿದ್ದೆ. ಲೋಬಾನದ ಅಂಗಡಿಯ ಮುದುಕನೊಬ್ಬ, ಬಿಳಿ ನಿಲುವಂಗಿ, ತಲೆಗೆ ಕಸೂತಿಯ ಟೋಪಿ, ನನ್ನನ್ನೇ ನೋಡುತ್ತ ಕೂತಿದ್ದ. ಲೋಬಾನ ಒಮಾನಿನ ದೋಫಾರ್ ಸೀಮೆಯ ಮಾಲು; ಅಲ್ಲಿನ ಗಿಡಕ್ಕೆ ಗಾಯ ಮಾಡಿ, ಒಸರಿದ ಅಂಟು ಒಣಗಿದ ಮೇಲೆ ಕೆರೆದು ತೆಗೆಯುತ್ತಾರೆ. ಆ ಹೊಗೆಯ ವಾಸನೆಗೆ ನನಗೆ ನಮ್ಮೂರಿನ ದರ್ಗಾ ನೆನಪಾಗಿ ಅಲ್ಲೇ ನಿಂತಿದ್ದೆ. ಮುತ್ತರಾದ ಹಳೆಯ ವ್ಯಾಪಾರಿಗಳಿಗೆ ಹಿಂದಿ ಬಾಯಿಪಾಠ. "ತಬಿಯತ್ ಠೀಕ್ ನಹೀ ಹೈ?" ಎಂದ. ನಾನು ಕಿಸೆಯಿಂದ ಗುಳಿಗೆ ತೆಗೆದು ತೋರಿಸಿದೆ. ಮುದುಕ ಎದ್ದು, ರಟ್ಟೆ ಹಿಡಿದು, ಅಂಗಡಿಯ ಹಿಂದೆ ಪರದೆ ಸರಿಸಿ ಒಳಗೆ ಕೂರಿಸಿದ. ತಾನು ರೋಜಾ ಇದ್ದವನು, ಬಾಟಲಿಯ ಬಿರಡೆ ತೆಗೆದು ಲೋಟಕ್ಕೆ ನೀರು ಸುರಿದು ನನ್ನ ಕೈಗೆ ಕೊಟ್ಟ. ಬೆರಳು ಸಣ್ಣಗೆ ನಡುಗುತ್ತಿತ್ತು, ನೀರು ಮಾತ್ರ ಒಂದು ಹನಿಯೂ ಚೆಲ್ಲಲಿಲ್ಲ. ಆಮೇಲೆ ಹೇಳಿದ: ಮುದುಕರಿಗೆ, ರೋಗಿಗಳಿಗೆ, ಬಸುರಿಯರಿಗೆ, ಪ್ರಯಾಣದಲ್ಲಿರುವವರಿಗೆ ಈ ಉಪವಾಸದ ಕಡ್ಡಾಯವಿಲ್ಲ; ನೀನು ಮುಸಾಫಿರ, ಮುದುಕ, ಮೇಲೆ ರೋಗಿ, ನಿನಗೆ ಮೂರು ಸಲ ಮಾಫಿ. ನನ್ನನ್ನು ಮುದುಕ ಎಂದದ್ದು ಅಷ್ಟು ಸರಿಬರಲಿಲ್ಲ. ಆತನೇ ನನಗಿಂತ ಹತ್ತು ವರ್ಷ ದೊಡ್ಡವನಿರಬೇಕು. ಆದರೆ ನೀರು ಕೊಟ್ಟವನ ಜೊತೆ ವಾದ ಮಾಡುವುದುಂಟೇ?

ಮನೆಯಲ್ಲೂ ನನ್ನ ಅವಸ್ಥೆ ಬೇರೆ ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತರೆ ಎದುರಿನ ಫ್ಲ್ಯಾಟಿನ ಹೈದರಾಬಾದಿನ ಹೆಣ್ಣುಮಗಳು ಏನೋ ಕೇಳಲು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಆಕೆಯ ತುಟಿ ಒಣಗಿದೆ, ನನ್ನ ತುಟಿಯ ಮೇಲೆ ಶೇಂಗಾ ಹಿಂಡಿ. "ಉಣ್ಣಿ, ಉಣ್ಣಿ" ಎಂದು ಆಕೆ ನಗುತ್ತ ಹೋಗುತ್ತಿದ್ದಳು. ನನಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕ್ರಮೇಣ ನಾನು ಸದ್ದಿಲ್ಲದೆ ಉಣ್ಣುವುದನ್ನು ಕಲಿತೆ. ಕಟಕ್ ರೊಟ್ಟಿಯನ್ನು ಸದ್ದಿಲ್ಲದೆ ಮುರಿಯುವುದು ಎಂಥ ಕಲೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅನುಭವದಿಂದ ಹೇಳುತ್ತೇನೆ: ಹಸಿದವರ ನಡುವೆ ಕದ್ದು ಉಣ್ಣುವ ಕಷ್ಟದ ಮುಂದೆ ಉಪವಾಸ ಸಸಾರ.

ಸಸಾರವೆಂದು ಹೆಂಡತಿ ತೋರಿಸಿಯೂ ಕೊಟ್ಟಳು. ಹೈದರಾಬಾದಿನ ಗೆಳತಿಯ ಜೊತೆ ನಸುಕಿನಲ್ಲಿ ಎದ್ದು ಸಹರಿ ಮಾಡಿ, ಇಡೀ ದಿನ ನೀರಿಲ್ಲದೆ ಇದ್ದು, ಮೊಮ್ಮಗನ ಶಾಲೆಯ ಬಟ್ಟೆ ಇಸ್ತ್ರಿ ಮಾಡಿ, ಸಂಜೆ ಏನೂ ಆಗಿಲ್ಲವೆಂಬಂತೆ ಖರ್ಜೂರ ಬಾಯಿಗೆ ಹಾಕಿಕೊಂಡಳು. ಅವಳ ಜೊತೆ ನಾನೂ ಎದ್ದಿದ್ದೆ. ಸಹರಿಯ ಭಾಗವನ್ನು ಯಶಸ್ವಿಯಾಗಿ ಮುಗಿಸಿದೆ. ಹನ್ನೊಂದು ಗಂಟೆಗೆ ಚಹಾದ ವಾಸನೆ ಎಲ್ಲಿಂದಲೋ ಬಂತು. ಮನೆಯಲ್ಲಿ ಯಾರೂ ಮಾಡಿರಲಿಲ್ಲವಾದ್ದರಿಂದ ನಾನೇ ಮಾಡಿಕೊಂಡೆ.

ಅಳಿಯನದು ಇನ್ನೊಂದು ಗೋಳು. ಅಲ್ಲಿನ ನಿಯಮದ ಪ್ರಕಾರ ರಂಜಾನಿನಲ್ಲಿ ಮುಸ್ಲಿಂ ನೌಕರರಿಗೆ ದಿನಕ್ಕೆ ಆರು ತಾಸಿನ ಕೆಲಸ, ವಾರಕ್ಕೆ ಮೂವತ್ತು. ಉಳಿದವರಿಗೆ ಎಂದಿನಂತೆ. ಹೀಗಾಗಿ ಮಧ್ಯಾಹ್ನ ಮೂರರ ಮೇಲೆ ಅವನ ಆಫೀಸಿನಲ್ಲಿ ಫೋನು ಎತ್ತುವವನು ಇವನೊಬ್ಬನೇ. "ಎಲ್ಲಾರ ಫೋನೂ ನಾನ ಎತ್ತಾಕತ್ತೀನ್ರಿ ಮಾವಾರ, ಅರಬ್ಬೀ ಬರೂದಿಲ್ಲ, ಎಲ್ಲಾರಿಗೂ 'ಇನ್‌ಶಾ ಅಲ್ಲಾ, ನಾಳೆ' ಅಂತೀನಿ. ಯಾರೂ ಸಿಟ್ಟಾಗಿಲ್ಲ" ಎಂದ. ನಮ್ಮ ತಾಲೂಕು ಕಚೇರಿಗಳಲ್ಲಿ ಇದನ್ನು ಹನ್ನೆರಡೂ ತಿಂಗಳು ಪಾಲಿಸುತ್ತಾರೆ ಎಂದು ನಾನು ಸಮಾಧಾನ ಹೇಳಿದೆ.

ಸಂಜೆ ಐದೂವರೆಯಿಂದ ಆರೂಕಾಲಿನ ತನಕದ ಮಸ್ಕತ್ತನ್ನು ನೋಡಬೇಕು. ಮೊದಲು ರಸ್ತೆಯ ತುಂಬ ಕಾರು, ಎಲ್ಲರಿಗೂ ಮನೆ ಮುಟ್ಟುವ ಅವಸರ. ಸಿಗ್ನಲ್ಲಿನಲ್ಲಿ ಹುಡುಗರು ನಿಂತು ಕಿಟಕಿಯೊಳಗೆ ನೀರಿನ ಬಾಟಲಿ, ಖರ್ಜೂರದ ಪೊಟ್ಟಣ ನೀಡುತ್ತಾರೆ: ದಾರಿಯಲ್ಲೇ ಹೊತ್ತಾದರೂ ಗಾಡಿ ಓಡಿಸಬೇಡಿ, ಇಲ್ಲೇ ಬಿಡಿ ರೋಜಾ ಎಂದು. ಅದಾದ ಮೇಲೆ ಒಮ್ಮೆಲೇ ರಸ್ತೆ ಖಾಲಿ. ನಾನು ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದೆ. ನನ್ನ ಇಡೀ ಆಯುಷ್ಯ ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ನೂಲಿನ ಲೆಕ್ಕ ಬರೆಯುವುದರಲ್ಲಿ ಕಳೆದದ್ದು. ಭೋಂಗಾ ಕೂಗಿದರೆ ಊರೇ ಎದ್ದು ನಡೆಯುವುದನ್ನು ಕಂಡವನು. ಆದರೆ ಭೋಂಗಾಕ್ಕೆ ನಾವು ಏಳುತ್ತಿದ್ದದ್ದು ಪಗಾರದ ಭಯಕ್ಕೆ. ಇಲ್ಲಿ ಯಾರೂ ಹಾಜರಿ ಹಿಡಿಯುವುದಿಲ್ಲ. ಎದುರಿಗೆ ಖರ್ಜೂರ ಇದೆ, ಬಿಡಿಸಿಟ್ಟ ಕಿತ್ತಳೆ ಇದೆ, ಕೈ ಚಾಚಿದರೆ ಸಿಗುತ್ತದೆ. ಆಜಾನ್ ಆಗುವ ತನಕ ಚಿಕ್ಕ ಹುಡುಗರೂ ಕೈ ಚಾಚುವುದಿಲ್ಲ. ಖಿಚಡಿ ಒಲೆಯ ಮೇಲಿರುವಾಗಲೇ ರುಚಿ ನೋಡುವ ನೆಪದಲ್ಲಿ ಎರಡು ಚಮಚೆ ಮುಗಿಸುವವನು ನಾನು.

ಸೂರ್ಯ ಮುಳುಗುವುದನ್ನೂ ಅವರು ಸಡಿಲ ಬಿಡುವುದಿಲ್ಲ. ಪಕ್ಕದ ದುಬೈಯಲ್ಲಿ ಬುರ್ಜ್ ಖಲೀಫಾ ಕಟ್ಟಿದ ಮೇಲೆ ಒಂದು ಪ್ರಶ್ನೆ ಎದ್ದಿತಂತೆ. ಅಷ್ಟು ಎತ್ತರದಲ್ಲಿ ಇರುವವರಿಗೆ ಸೂರ್ಯ ತಡವಾಗಿ ಮುಳುಗುತ್ತಾನೆ, ಅವರು ಯಾವಾಗ ಉಣ್ಣಬೇಕು? 2011ರಲ್ಲಿ ಅಲ್ಲಿನ ದೊಡ್ಡ ಮುಫ್ತಿಗಳು ತೀರ್ಪು ಕೊಟ್ಟರು: 80ನೆಯ ಮಹಡಿಯ ಮೇಲಿನವರು 2 ನಿಮಿಷ, 150ರ ಮೇಲಿನವರು 3 ನಿಮಿಷ ತಡೆದು ರೋಜಾ ಬಿಡಬೇಕು. ದುಡ್ಡು ಕೊಟ್ಟು ಎತ್ತರಕ್ಕೆ ಹೋದವನಿಗೆ ಮೂರು ನಿಮಿಷ ಹೆಚ್ಚಿನ ಹಸಿವು! ಇದನ್ನು ಚಾಚಾನಿಗೆ ಫೋನಿನಲ್ಲಿ ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕ. "ಚಲೋ ಆತು ತಮ್ಮಾ, ನಮ್ಮದು ಹೆಂಚಿನ ಮನಿ."

ಚಾಚಾನಿಗೆ ನಾನು ದಿನಾ ಫೋನು ಮಾಡುತ್ತಿದ್ದೆ. ಊರಲ್ಲಿದ್ದಾಗ ಗೋಡೆಯಾಚೆ ಇದ್ದರೂ ವಾರಕ್ಕೊಮ್ಮೆ ಮಾತಾಡುತ್ತಿದ್ದವನು ಸಮುದ್ರ ದಾಟಿದ ಮೇಲೆ ದಿನಾ! ಗೋಕಾಕದಲ್ಲಿ ಆರೂವರೆ ದಾಟಿ ಹೊತ್ತು ಮುಳುಗಿ, ಅವನು ಖರ್ಜೂರ ತಿಂದು, ನಮಾಜು ಮುಗಿಸಿ, ಚಹಾ ಕುಡಿಯುತ್ತ ಕೂತಾಗ ಮಸ್ಕತ್ತಿನಲ್ಲಿ ಐದರ ಮೇಲೆ ಸ್ವಲ್ಪ. "ನಮ್ದು ಆತು. ನಿಮ್ಮವರದು ಇನ್ನೂ ಐತಿ ನೋಡು" ಎನ್ನುತ್ತಿದ್ದ, ಪಂದ್ಯ ಗೆದ್ದವನ ಗತ್ತಿನಲ್ಲಿ. ಸಹರಿಗೆ ಜೋಳದ ರೊಟ್ಟಿ, ಮೊಸರು, ಖಾರಬ್ಯಾಳಿ ಉಣ್ಣುತ್ತಾನೆ, ರೊಟ್ಟಿ ಉಂಡರೆ ಮಧ್ಯಾಹ್ನದ ತನಕ ಹಸಿವು ಕಾಡುವುದಿಲ್ಲ ಎನ್ನುವುದೆಲ್ಲ ನನಗೆ ತಿಳಿದದ್ದು ಮಸ್ಕತ್ತಿನ ಬಾಲ್ಕನಿಯಲ್ಲಿ. ಬೇಸಿಗೆಯಲ್ಲಿ ರಂಜಾನ್ ಬಂದ ವರ್ಷ ನೂಲು ಪೋಣಿಸುವಾಗ ಕಣ್ಣು ಮಂಜಾಗುತ್ತಿತ್ತಂತೆ. ಅದಕ್ಕೇ ರಾತ್ರಿ ಹೊಲಿಯುತ್ತಿದ್ದ. ನಾನು ಆ ರಾತ್ರಿಗಳಲ್ಲಿ ಕಿಟಕಿ ಮುಚ್ಚಿ ಮಲಗಿ, ಮುಂಜಾನೆ ಹೆಂಡತಿಯ ಮುಂದೆ ಮಶೀನಿನ ಸದ್ದಿನ ಬಗ್ಗೆ ಗೊಣಗುತ್ತಿದ್ದೆ.

ಅಳಿಯನ ಕಂಪನಿಯ ಗಾಡಿ ಓಡಿಸುವ ಹುಡುಗ ಹುಕ್ಕೇರಿ ಕಡೆಯವನು. ಆದಿಲಶಾಹಿ ಕಾಲದ ಗುಮ್ಮಟಗಳ ನೆರಳಿನಲ್ಲಿ ಗೋಲಿ ಆಡಿ ಬೆಳೆದವ. ನಾನು ಗೋಕಾಕದವನೆಂದು ಗೊತ್ತಾದ ಕೂಡಲೇ, "ಕಾಕಾ, ನಿಮ್ಮ ಫಾಲ್ಸಿಗೆ ನೀರು ಬರೂದು ನಮ್ಮ ಹಿಡಕಲ್ ಡ್ಯಾಮ್ ಬಿಟ್ಟರ ಅಲ್ಲೇನ್ರಿ" ಎಂದು ಹಕ್ಕು ಸ್ಥಾಪಿಸಿದ. ಊರು ಬಿಟ್ಟು ಸಾವಿರ ಮೈಲು ಬಂದರೂ ಹುಕ್ಕೇರಿಯವರು ನೀರಿನ ಲೆಕ್ಕ ಬಿಡುವುದಿಲ್ಲ. ಅವನೇ ಒಂದು ಸಂಜೆ ನನ್ನನ್ನು ರೂವಿಯ ಒಂದು ಮಸೀದಿಯ ಅಂಗಳದ ಇಫ್ತಾರಿಗೆ ಕರೆದುಕೊಂಡು ಹೋದ. "ನಾ ರೋಜಾ ಇಲ್ಲಪ್ಪಾ, ನಾ ಮುಸಲರವನೂ ಅಲ್ಲ, ಬಂದರ ನಡೀತೈತೇನು?" ಎಂದೆ. "ಅಲ್ಲೆ ಯಾರೂ ಕೇಳೂದಿಲ್ರಿ ಕಾಕಾ. ಕುಂಡ್ರಬೇಕ್ರಿ, ಅಷ್ಟ."

ಅಂಗಳದ ತುಂಬ ಉದ್ದಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಸಿ, ಎರಡೂ ಬದಿಗೆ ಜನ ಕೂತಿದ್ದರು. ಹೆಚ್ಚಿನವರು ಕೂಲಿಯವರು: ಬಾಂಗ್ಲಾದವರು, ಪಾಕಿಸ್ತಾನದವರು, ನಮ್ಮ ಬಿಹಾರ, ಕೇರಳ, ಆಂಧ್ರದವರು. ಕೆಲವರ ಬೂಟಿಗೆ ಇನ್ನೂ ಸಿಮೆಂಟು ಮೆತ್ತಿತ್ತು. ಒಬ್ಬೊಬ್ಬರ ಮುಂದೆ ಮೂರು ಖರ್ಜೂರ, ನೀರಿನ ಬಾಟಲಿ, ಮಜ್ಜಿಗೆಯ ಡಬ್ಬಿ, ಬಾಳೆಹಣ್ಣು, ಸಮೋಸಾ. ಗದ್ದಲವೇನೂ ಇಲ್ಲ. ನನ್ನ ಎಡಕ್ಕೆ ಕೂತವನು ನನ್ನ ಮುಂದೆ ಬಾಳೆಹಣ್ಣು ಇಲ್ಲದ್ದು ನೋಡಿ ತನ್ನದನ್ನು ಸರಿಸಿದ. ನಾನು ಬೇಡವೆಂದರೆ ಅವನಿಗೆ ಭಾಷೆ ಬಾರದು. ಆಜಾನ್ ಆಯಿತು. ನೂರಾರು ಬಾಟಲಿಗಳ ಬಿರಡೆ ಒಮ್ಮೆಲೇ ಮುರಿದ ಸದ್ದು ಕೇಳಿಸಿತು. ಮಾತಿಲ್ಲದೆ ಎಲ್ಲರೂ ಮೊದಲು ಖರ್ಜೂರ, ಆಮೇಲೆ ನೀರು.

ಅಷ್ಟರಲ್ಲಿ ದೊಡ್ಡ ಪಾತ್ರೆಯಿಂದ ಬಿಸಿಬಿಸಿಯದೊಂದನ್ನು ಬಡಿಸುತ್ತ ಬಂದರು. ಬೆಳ್ಳಗೆ, ಗಟ್ಟಿಯಾಗಿ, ಮೇಲೆ ತುಪ್ಪ ಹೊಳೆಯುತ್ತ. ನನ್ನ ಕಣ್ಣು ತೇವವಾದವು. ನಮ್ಮ ಗೋಧಿ ಹುಗ್ಗಿ! ಮಸ್ಕತ್ತಿನಲ್ಲಿ! ಯಾವ ಜಾತ್ರೆಯ ದಾಸೋಹದಲ್ಲೂ ಇಷ್ಟು ನುಣ್ಣಗಿನ ಹುಗ್ಗಿ ಕಂಡಿರಲಿಲ್ಲ. ತಾಟು ಮುಂದೆ ಎಳೆದುಕೊಂಡು ಬೆರಳು ಅದ್ದುವಷ್ಟರಲ್ಲಿ ಹುಕ್ಕೇರಿಯ ಹುಡುಗ ಗಪ್ಪನೆ ಕೈ ಹಿಡಿದ: "ಕಾಕಾ! ಅದ್ರಾಗ ಮಟನ್ ಐತ್ರಿ!"

ಅದರ ಹೆಸರು ಹರೀಸ್. ಗೋಧಿಯನ್ನು ನೆನೆಸಿ, ಮಾಂಸದ ಜೊತೆ ತಾಸುಗಟ್ಟಲೆ ಬೇಯಿಸಿ, ಎರಡೂ ಒಂದಾಗುವ ತನಕ ಕಟ್ಟಿಗೆಯ ಹುಟ್ಟಿನಲ್ಲಿ ಬಡಿದು, ತುಪ್ಪ ಹಾಕುತ್ತಾರೆ. ಬೆಲ್ಲದ ಬದಲು ಉಪ್ಪು. ನಮ್ಮ ಮನೆತನ ಲಿಂಗಾಯತರದು; ಮೊಟ್ಟೆ ಹಾಕಿದ ಕೇಕು ಎಂದು ಗೊತ್ತಾದ ದಿನ ನನ್ನ ತಾಯಿ ಎರಡು ಸಲ ಸ್ನಾನ ಮಾಡಿದ್ದಳು. ಆದರೂ ಆ ತಾಟನ್ನು ಹುಡುಗನ ಕಡೆ ಸರಿಸುವಾಗ ನನ್ನ ಜೀವ ಎಷ್ಟು ನೊಂದಿತೆಂದು ಯಾರ ಮುಂದೆ ಹೇಳಲಿ? ಸಮೋಸಾದ ಒಳಗೂ ಏನಿದೆಯೋ ಎಂದು ಬಿಡಿಸಿ ನೋಡಿದೆ. ಬಟಾಟಿ. ದೇವರು ದೊಡ್ಡವನು. ಎಡಕ್ಕೆ ಕೂತವನು ನನ್ನ ಸಂಕಟ ಅರ್ಥ ಮಾಡಿಕೊಂಡು ತನ್ನ ಸಮೋಸಾವನ್ನೂ ದಾಟಿಸಿದ. ಹಗಲೆಲ್ಲ ಉಂಡ ನಾನು, ಹಗಲೆಲ್ಲ ಹಸಿದವನ ಪಾಲಿನ ಬಾಳೆಹಣ್ಣು, ಸಮೋಸಾ ಎರಡನ್ನೂ ತಿಂದು ಎದ್ದೆ. ಹಿಡಕಲ್ ಡ್ಯಾಮಿನ ನೀರು ಕುಡಿದ ಹುಡುಗ ಮಾತ್ರ ಎರಡು ತಾಟು ಹರೀಸ್ ಮುಗಿಸಿ ತೃಪ್ತನಾಗಿದ್ದ.

ಸುಲ್ತಾನ್ ಕಾಬೂಸ್ ಮಸೀದಿಗೂ ಹೋಗಿದ್ದೆವು. ಶುಕ್ರವಾರ ಬಿಟ್ಟು ಉಳಿದ ದಿನ ಮುಂಜಾನೆ ಎಂಟರಿಂದ ಹನ್ನೊಂದರ ತನಕ ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು. ಎಲ್ಲರೂ ತಲೆ ಎತ್ತಿ ದೀಪದ ಗೊಂಚಲು ನೋಡಿದರೆ ನಾನು ತಲೆ ತಗ್ಗಿಸಿ ನೆಲ ನೋಡಿದೆ. ಪ್ರಾರ್ಥನಾ ಮಂದಿರಕ್ಕೆ ಹಾಸಿದ ಒಂದೇ ಜಮಖಾನ 4,343 ಚದರ ಮೀಟರ್. ಎಕರೆಗಿಂತ ದೊಡ್ಡದು. ತೂಕ 21 ಟನ್, ಗಂಟು 170 ಕೋಟಿ, ಇರಾನಿನ ಸುಮಾರು 600 ಜನ ಹೆಣ್ಣುಮಕ್ಕಳು ನಾಲ್ಕು ವರ್ಷ ಕೈಯಲ್ಲಿ ನೇಯ್ದದ್ದು. ನೂಲಿನ ಲೆಕ್ಕ ಬರೆದು ತಲೆ ಬೆಳ್ಳಗಾದವನು ಒಂದು ಕ್ಷಣ ಆ ದಾಸ್ತಾನು ಪುಸ್ತಕವನ್ನು ನೆನೆಸಿಕೊಂಡು ಬೆವತೆ.

ತಿಂಗಳ ನಡುವೆ ಒಂದು ರಾತ್ರಿ ಬಾಗಿಲು ಬಡಿದ ಸದ್ದು. ತೆಗೆದರೆ ಕಟ್ಟಡದ ಹುಡುಗರೆಲ್ಲ ಬಣ್ಣಬಣ್ಣದ ಬಟ್ಟೆ ತೊಟ್ಟು, ಕೊರಳಿಗೆ ಚೀಲ ತೂಗಿಸಿ, ಏನೋ ಹಾಡುತ್ತ ನಿಂತಿದ್ದಾರೆ. ನಮ್ಮ ಮೊಮ್ಮಗನೂ ಅವರ ಗುಂಪಿನಲ್ಲೇ ಇದ್ದಾನೆ, ತನ್ನ ಮನೆಯ ಬಾಗಿಲನ್ನೇ ಬಡಿದಿದ್ದಾನೆ. ಕರನ್‌ಕಶೋ ಎಂದು ಅದರ ಹೆಸರು. ರಂಜಾನ್ ಅರ್ಧ ಮುಗಿದ ರಾತ್ರಿ ಮಕ್ಕಳು ಮನೆಮನೆಗೆ ಹೋಗಿ ಮಿಠಾಯಿ, ಬದಾಮಿ ಕೇಳಿ ಪಡೆಯುತ್ತಾರೆ. ಚಂದ್ರನ ತಿಂಗಳಿನ ನಡುವೆಂದರೆ ಹುಣ್ಣಿಮೆ. ಆ ವರ್ಷ ಅದೇ ನಮ್ಮ ಹೋಳಿ ಹುಣ್ಣಿಮೆ! ಗೋಕಾಕದಲ್ಲಿ ಹುಡುಗರು ಹಲಗೆ ಬಡಿಯುತ್ತ, ಬೊಬ್ಬೆ ಹೊಡೆಯುತ್ತ, ಕಾಮಣ್ಣನಿಗೆ ಕಟ್ಟಿಗೆ, ಕುಳ್ಳು ಕದಿಯುವ ಹೊತ್ತಿಗೇ ಇಲ್ಲಿ ಇವರು ಕೇಳಿ ಪಡೆಯುತ್ತಿದ್ದರು. ಕದಿಯುವುದರ ರುಚಿ ಕೇಳಿ ಪಡೆಯುವುದರಲ್ಲಿ ಇಲ್ಲ, ಅದು ನನ್ನ ವೈಯಕ್ತಿಕ ಅಭಿಪ್ರಾಯ.

ಹೆಂಡತಿ ಕರದಂಟಿನ ಡಬ್ಬಿ ತೆಗೆದು ಒಬ್ಬೊಬ್ಬರ ಚೀಲಕ್ಕೆ ಒಂದೊಂದು ತುಂಡು ಹಾಕಿದಳು. ಒಬ್ಬ ಒಮಾನಿ ಹುಡುಗ ಅಲ್ಲೇ ಬಾಯಿಗಿಟ್ಟು, ಒಳಗಿನ ಉತ್ತತ್ತಿಯ ಚೂರು ತೆಗೆದು ತೋರಿಸಿ, ಇದು ನಮ್ಮದು ಎಂದ. ಹುಡುಗನ ಮಾತು ನಿಜವಿದ್ದೀತು. ಒಮಾನಿನಲ್ಲಿ ಮಬ್ಸಲಿ ಎಂಬ ಜಾತಿಯ ಖರ್ಜೂರವನ್ನು ಪೂರ್ತಿ ಹಣ್ಣಾಗುವ ಮುನ್ನವೇ ಕೊಯ್ದು, ದೊಡ್ಡ ಹಂಡೆಗಳಲ್ಲಿ ಕುದಿಸಿ, ಬಿಸಿಲಲ್ಲಿ ಒಣಗಿಸಿ, ಭಾರತಕ್ಕೆ ಕಳಿಸುವ ವ್ಯಾಪಾರ ಬಹಳ ಹಳೆಯದು. ನಾವು ಊರಿನ ಹೆಮ್ಮೆಯೆಂದು ಹೊತ್ತು ತಂದದ್ದರೊಳಗೆ ಅವರ ಮಾಲೇ ಇತ್ತೋ ಏನೋ.

ತಿಂಗಳ ಕೊನೆಗೆ ಯುಗಾದಿಯೂ ಈದ್ ಕೂಡ ಒಂದರ ಹೆಗಲ ಮೇಲೆ ಒಂದು ಕೈ ಹಾಕಿಕೊಂಡು ಬಂದವು. ಮಾರ್ಚ್ 30, ಭಾನುವಾರ ಯುಗಾದಿ. ಮಸ್ಕತ್ತಿನ ರಸ್ತೆಬದಿಯಲ್ಲಿ ಬೇವಿನ ಗಿಡಕ್ಕೆ ಬರವಿಲ್ಲ. ಬೇವು ಬೆಲ್ಲ ಆಯಿತು. ಅದೇ ದಿನ ದುಬೈ, ಸೌದಿಯಲ್ಲಿ ಆಗಲೇ ಈದ್. ಒಮಾನಿನಲ್ಲಿ ಹಿಂದಿನ ಸಂಜೆ ಚಂದ್ರ ಕಂಡಿರಲಿಲ್ಲ, ಮೂವತ್ತನೆಯ ರೋಜಾ. ಆ ಸಂಜೆ ಪಡುವಣಕ್ಕೆ ಮುಖ ಮಾಡಿ ಇಡೀ ಕಟ್ಟಡ ಮಾಳಿಗೆಯ ಮೇಲೆ ನಿಂತಿತ್ತು. ಅವರಿಗೆ ಈದಿನ ಚಂದ್ರ, ನಮಗೆ ಯುಗಾದಿಯ ಚಂದ್ರ. ಇಬ್ಬರಿಗೂ ಒಂದೇ ಗೆರೆ ಕಂಡಿತು. ಹೈದರಾಬಾದಿನ ಹೆಣ್ಣುಮಗಳು ನನ್ನ ಹೆಂಡತಿಯನ್ನು ತಬ್ಬಿಕೊಂಡು ಮುಬಾರಕ್ ಎಂದಳು; ಇವಳು ಆಕೆಯ ಅಂಗೈಗೆ ಉಳಿದ ಬೇವು ಬೆಲ್ಲ ಹಾಕಿದಳು. ಆಕೆ ಮುಖ ಕಿವುಚಿದ ರೀತಿ ನೋಡಿ ಮಾಳಿಗೆಯೆಲ್ಲ ನಕ್ಕಿತು.

ಅವರದೂ ನಮ್ಮದೂ ಚಂದ್ರನ ಲೆಕ್ಕವೇ. ಆದರೆ ಚಂದ್ರನ ವರ್ಷ ಸೂರ್ಯನ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಕಡಿಮೆ. ನಮ್ಮ ಪಂಚಾಂಗದವರು ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ತುರುಕಿ ಸಾಲ ತೀರಿಸುತ್ತಾರೆ. ಅವರು ತುರುಕುವುದಿಲ್ಲ, ಚಂದ್ರ ನಡೆದ ಹಾಗೆ ನಡೆಯುತ್ತಾರೆ. ಹೀಗಾಗಿ ರಂಜಾನ್ ವರ್ಷವರ್ಷವೂ ಹಿಂದೆ ಸರಿಯುತ್ತ ಬೇಸಿಗೆ, ಮಳೆ, ಚಳಿ ಎಲ್ಲವನ್ನೂ ಸುತ್ತಿ ಬರುತ್ತದೆ. ಮೂವತ್ತಮೂರು ವರ್ಷ ರೋಜಾ ಇದ್ದವನು ಎಲ್ಲ ಋತುವಿನ ಹಸಿವನ್ನೂ ಕಂಡಿರುತ್ತಾನೆ.

ಈದ್ ದಿನ, 31ರಂದು, ಗೋಕಾಕದಲ್ಲೂ ಹಬ್ಬ. ಚಾಚಾನಿಗೆ ಫೋನು ಮಾಡಿದೆ. ಒಂದು ದಿನ ತಡವಾಗಿ ಸುರು ಮಾಡಿದವನು ಅದೇ ದಿನ ಮುಗಿಸಿದ್ದ. "ನಿಮ್ಮವರಿಗೆ ಮೂವತ್ತು, ನಮಗ ಇಪ್ಪತ್ತೊಂಬತ್ತು. ಪಗಾರ ಇಬ್ಬರಿಗೂ ಅಷ್ಟ ತಮ್ಮಾ" ಎಂದು ನಕ್ಕ. ಆಮೇಲೆ ತುಸು ತಡೆದು, "ನಿಮ್ಮ ಮನಿ ಬಾಗಲಾ ಕೀಲಿ ಹಾಕೇತಿ, ಡಬ್ಬಿ ಯಾರಿಗೆ ಕೊಡ್ಲಿ?" ಎಂದ. ನಾವು ಬರುವ ತನಕ ಇಟ್ಟುಕೊಂಡಿರು ಎಂದೆ. ಸುರಕುಂಬಾ ಅಷ್ಟು ದಿನ ಇಟ್ಟರೆ ಕೆಡುತ್ತದೆ, ಬಂದ ಮೇಲೆ ಹೊಸದಾಗಿ ಮಾಡಿಸುತ್ತೇನೆ ಎಂದ. ಮಾಡಿಸಿದ ಕೂಡ.

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಿಂದ ಮಗನ ಮನೆಗೋ ಮಗಳ ಮನೆಗೋ ಕೊಲ್ಲಿಗೆ ಹೋಗುವವರು ಸಾಮಾನ್ಯವಾಗಿ ರಂಜಾನ್ ತಪ್ಪಿಸಿ ಟಿಕೀಟು ತೆಗೆಸುತ್ತಾರೆ, ಹಗಲು ಊಟಕ್ಕೆ ತೊಂದರೆ ಎಂದು. ತಪ್ಪಿಸಬೇಡಿ. ಗುಳಿಗೆಯನ್ನು ಮನೆಯಲ್ಲೇ ನುಂಗಿ ಹೊರಡಿ, ಹರೀಸ್ ಕಂಡರೆ ಮೊದಲು ಕೇಳಿ, ಅಷ್ಟೇ. ಇನ್ನು ಕೆಲವು ವರ್ಷ ಅದು ಚಳಿಗಾಲದ ಕಡೆಗೇ ಸರಿಯುತ್ತದೆ. ಹಗಲು ಗಿಡ್ಡ, ಬಿಸಿಲು ಕಡಿಮೆ. 2030ರಲ್ಲಂತೂ ಜನವರಿಯಲ್ಲಿ ಒಮ್ಮೆ, ಡಿಸೆಂಬರಿನ ಕೊನೆಗೆ ಇನ್ನೊಮ್ಮೆ, ಒಂದೇ ವರ್ಷದಲ್ಲಿ ಎರಡು ಸಲ ರಂಜಾನ್ ಸುರುವಾಗುತ್ತದೆ. ಒಂದಕ್ಕಾದರೂ ಹೋಗಿ ಬನ್ನಿ.